ಕಾಪುವಿನ ಬಂಡೆಯಲ್ಲಿ ಗೀರುಚಿಪ್ಪಿನ ಹುಳು

ಕಾಪು ದೀಪಸ್ತಂಭದ ಕೆಳಗಿನ ಬಂಡೆಗಳಲ್ಲಿ ಎರಡು ವರ್ಷದಿಂದ ಒಂದೇ ಹುಳುವಿನ ಹಿಂದೆ ಬಿದ್ದಿದ್ದೇನೆ. ಹೆಸರು ಪ್ಲಾನಾಕ್ಸಿಸ್ ಸಲ್ಕೇಟಸ್. ಬೆರಳ ತುದಿಯಷ್ಟು ದೊಡ್ಡ ಕಡಲ ಬಸವನಹುಳು. ಕಂದು ಚಿಪ್ಪು, ಬಿಳಿ ಚುಕ್ಕೆ, ಸುತ್ತಲೂ ದಪ್ಪ ದಾರ ಸುತ್ತಿಟ್ಟ ಹಾಗೆ ಏಣುಗಳು. 1778ರಲ್ಲಿ ಇದನ್ನು ಮೊದಲು ವಿವರಿಸಿದ ಬಾರ್ನ್ ಕೂಡ ಅದನ್ನೇ ನೋಡಿ ಹೆಸರಿಟ್ಟಿರಬೇಕು. ಸಲ್ಕೇಟಸ್ ಅಂದರೆ ಗೀರು ಬಿದ್ದದ್ದು.

ಬಂಡೆಯ ಮೇಲೆ ಎಷ್ಟಿವೆ ಅಂತ ಎಣಿಸುವುದು ನನ್ನ ಕೆಲಸ. ಶುರುವಿನಲ್ಲಿ ಇದನ್ನು ನೆರಿಟಾ ಅನ್ನುವ ಇನ್ನೊಂದು ಕಡಲ ಬಸವನಹುಳು ಅಂತ ಬರೆದುಕೊಳ್ಳುತ್ತಿದ್ದೆ. ಎರಡೂ ಒಂದೇ ಬಂಡೆಯಲ್ಲಿ ಇರುತ್ತವೆ. ಮೇಲಿನಿಂದ ಫೋಟೊ ತೆಗೆದರೆ ಮೋಸ ಹೋಗುತ್ತೇವೆ. ಮೂರು ತಿಂಗಳ ಲೆಕ್ಕ ಹಾಗೇ ಹಾಳಾಯಿತು, ಬಹಳ ಬೇಜಾರಾಯಿತು. ಈಗ ಮೊದಲು ಮಗುಚಿ ಬಾಯಿ ನೋಡುತ್ತೇನೆ. ನೆರಿಟಾದ ಬಾಯಿ ಅರ್ಧಚಂದ್ರದಂತೆ, ಮುಚ್ಚಳ ಕಲ್ಲಿನಷ್ಟು ಗಟ್ಟಿ. ಇದರ ಬಾಯಿ ಮೊಟ್ಟೆಯಾಕಾರ, ಮುಂದಿನ ತುದಿಯಲ್ಲಿ ಒಂದು ಸಣ್ಣ ಕಚ್ಚು. ಮುಚ್ಚಳ ಉಗುರಿನ ಹಾಗೆ ತೆಳು.

ಲೆಕ್ಕಕ್ಕೆ ಪೈಪು ಕತ್ತರಿಸಿ 25 ಸೆಂಟಿಮೀಟರ್ ಚೌಕ ಮಾಡಿಕೊಂಡೆ, ಬಂಡೆಯ ಮೇಲಿಟ್ಟು ಒಳಗಿರುವುದನ್ನು ಎಣಿಸಲು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನ ದೊಡ್ಡ ಇಳಿತಕ್ಕೇ ಹೋಗುತ್ತೇನೆ. ಚೌಕವನ್ನು ಸುಮ್ನೆ ಎಲ್ಲಿಯೋ ಇಟ್ಟರೆ ಒಂದೂ ಸಿಗುವುದಿಲ್ಲ, ಪಕ್ಕದ ಬಿರುಕಿನಲ್ಲಿ ಕೈತುಂಬ. ಬಿಸಿಲಿಗೆ ಒಣಗದಂತೆ ಅವು ಒಂದಕ್ಕೊಂದು ಅಂಟಿಕೊಂಡು ಗುಂಪಾಗಿ ಕೂರುತ್ತವೆ. ಅದಕ್ಕೇ ಬಿರುಕು, ನೆರಳು, ಬಯಲು ಬಂಡೆ ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತೇನೆ. ಸರಾಸರಿ ಮಾತ್ರ ಬರೆದರೆ ಈ ಹುಳು ಹೇಗೆ ಬದುಕುತ್ತದೆ ಅನ್ನುವುದೇ ಕಾಣುವುದಿಲ್ಲ, ಅಲ್ವಾ?

ಬಂಡೆಗೆ ಅಂಟಿದ ಪಚ್ಚಿಲೆ ಚಿಪ್ಪು ಕೀಳಲು ಬಂದ ಅಮ್ಮ ಒಬ್ಬರು ನಿಂತು ನೋಡಿದರು. "ಇದು ತಿನ್ಲಿಕ್ಕೆ ಆಗುವುದಿಲ್ಲ ಮಾರಾಯ್ರೇ, ಯಾಕೆ ಹೆಕ್ಕುವುದು?" ಹೆಕ್ಕುವುದಿಲ್ಲ, ಎಣಿಸಿ ಅಲ್ಲೇ ಇಡುತ್ತೇನೆ ಅಂದೆ. ಕಾರಣವನ್ನೂ ಹೇಳಿದೆ. ಹೆಣ್ಣು ಹುಳು ಕತ್ತಿನ ಹತ್ತಿರದ ಚೀಲದಲ್ಲಿ ಮೊಟ್ಟೆ ಇಟ್ಟುಕೊಂಡು ಸಾಕುತ್ತದೆ. ಪರ್ಷಿಯನ್ ಕೊಲ್ಲಿಯಲ್ಲಂತೂ ಮರಿಗಳು ತೆವಳುವಷ್ಟು ಬೆಳೆದ ಮೇಲೆಯೇ ಹೊರಗೆ ಬರುತ್ತವೆ. ಒಂದನ್ನು ಜೇಬಿಗೆ ಹಾಕಿದರೆ ಒಂದು ಸಂಸಾರವೇ ಹೋಯಿತು. ಖಾಲಿ ಚಿಪ್ಪನ್ನೂ ಮುಟ್ಟುವುದಿಲ್ಲ, ಅದು ಸನ್ಯಾಸಿ ಏಡಿಯ ಮನೆ.

ಅವು ಅದೇ ಬಿರುಕಿನಲ್ಲಿ ಉಳಿಯುತ್ತವೆಯೇ ನೋಡೋಣ ಅಂತ ಹೋದ ಹುಣ್ಣಿಮೆಗೆ ಒಂದು ಬಿರುಕಿನ ಇಪ್ಪತ್ತು ಹುಳುಗಳ ಚಿಪ್ಪು ಒರೆಸಿ, ಕೆಂಪು ನೇಲ್‌ಪಾಲಿಶ್‌ನ ಒಂದೊಂದು ಚುಕ್ಕೆ ಇಟ್ಟು, ಒಣಗಿದ ಮೇಲೆ ಅಲ್ಲೇ ಬಿಟ್ಟಿದ್ದೆ. ಮೊನ್ನೆ ಅಮಾವಾಸ್ಯೆಗೆ ಹೋಗಿ ಟಾರ್ಚ್ ಹಾಕಿದೆ. ಅದೇ ಬಿರುಕಿನಲ್ಲಿ ಹನ್ನೊಂದು ಕೆಂಪು ಚುಕ್ಕೆ. ಉಳಿದ ಒಂಬತ್ತನ್ನು ಹುಡುಕಲು ಮುಂದಿನ ಇಳಿತಕ್ಕೆ ಪಕ್ಕದ ಬಂಡೆಯಿಂದ ಶುರು ಮಾಡುತ್ತೇನೆ.