ಕರೆಂಟ್ ಹೋದ ಮೇಲೆ ಕಂಡ ತೌಕ್ತೆ

"ಚಂಡಮಾರುತ ಎಲ್ಲಿ ಉಂಟಂತ ಮೊಬೈಲಲ್ಲೇ ಕಾಣ್ತದೆ, ನಿನಗೆ ಈ ಸರಿಗೆ ಕಟ್ಟುವ ಕೆಲಸ ಯಾಕೆ ಮಾರಾಯಾ?" ಹವಾಮಾನ ಉಪಗ್ರಹ ಕಳಿಸುವ ಚಿತ್ರವನ್ನು ಮನೆಯಲ್ಲೇ ಹಿಡಿಯಲು ನಾನು ಆಂಟೆನಾ ಕಟ್ಟುತ್ತಿದ್ದೆ, ಎರಡು ವರ್ಷದಿಂದ ಭಾವ ಹೀಗೇ ಹೇಳುತ್ತಿದ್ದರು. 2021ರ ಮೇ 15ರ ಸಂಜೆ ತೌಕ್ತೆ ಚಂಡಮಾರುತಕ್ಕೆ ಉಡುಪಿಯ ನಮ್ಮ ಕಡೆ ಮೊಬೈಲ್ ಟವರ್ ಸತ್ತಿತು. ಟಾರ್ಚ್ ಹಿಡಿದು ಮಹಡಿ ಹತ್ತಿ ಬಂದವರು ಅವರೇ: "ಈಗ ಎಲ್ಲಿ ಉಂಟು ಅದು?"

ಅಷ್ಟರೊಳಗೆ ಎಂಟು ಸಾವಿರದ ಹತ್ತಿರ ಕೈಬಿಟ್ಟಿತ್ತು. ಲ್ಯಾಪ್‌ಟಾಪ್‌ಗೆ ಸಿಕ್ಕಿಸುವ ರೇಡಿಯೋ ಡಾಂಗಲ್‌ಗೆ ಎರಡೂವರೆ, ಉಳಿದದ್ದೆಲ್ಲ ದಂಡ. ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಪ್ರಿಆಂಪ್ ಒಂದು ಸಿಡಿಲಿಗೆ ಹೋಯಿತು. ಇನ್ನೊಂದು ತರಿಸಿದರೆ ಎಫ್‌ಎಂ ಸ್ಟೇಷನ್ನೇ ಒಳಗೆ ನುಗ್ಗಿತು. ಅದನ್ನು ತಡೆಯುವ ಫಿಲ್ಟರ್ ಮೊದಲೇ ಹಾಕಬೇಕಿತ್ತು. ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿದ್ದರಿಂದ ಪರದೆಯ ಸರಳನ್ನೇ 53 ಸೆಂ.ಮೀ.ಗೆ ಕತ್ತರಿಸಿ, 120 ಡಿಗ್ರಿಗೆ ವಿ ಆಕಾರದ ಆಂಟೆನಾ ಮಾಡಿದೆ. ಆ ಪರದೆಯ ಮಾತು ಮನೆಯಲ್ಲಿ ಇನ್ನೂ ಮುಗಿದಿಲ್ಲ. ಇಷ್ಟಾದರೂ ನೋಆ 19 ಎಂಬ ಅಮೆರಿಕದ ಹವಾಮಾನ ಉಪಗ್ರಹದ ಚಿತ್ರದಲ್ಲಿ ಮೋಡಕ್ಕಿಂತ ಅಡ್ಡಗೆರೆಯೇ ಜಾಸ್ತಿ ಇರುತ್ತಿತ್ತು.

ಅವತ್ತು ಊರಿಡೀ ಕರೆಂಟ್ ಹೋಯಿತು ನೋಡಿ, ಎಲ್‌ಇಡಿ ಬಲ್ಬು, ಚಾರ್ಜರ್ ಎಲ್ಲ ಸುಮ್ಮನಾಗಿ ಉಪಗ್ರಹ ಮಾತಾಡುವ 137 ಮೆಗಾಹರ್ಟ್ಸ್‌ನಲ್ಲಿ ಅವು ಎಬ್ಬಿಸುತ್ತಿದ್ದ ಗದ್ದಲ ಒಮ್ಮೆಲೇ ಇಳಿಯಿತು. ಲ್ಯಾಪ್‌ಟಾಪ್‌ನಲ್ಲಿ ನಲವತ್ತು ಪರ್ಸೆಂಟ್ ಚಾರ್ಜ್. ಉಪಗ್ರಹ ದಾಟುವ ಹನ್ನೆರಡು ನಿಮಿಷ, ಸೆಕೆಂಡಿಗೆ ಎರಡು ಗೆರೆಯಂತೆ ಚಿತ್ರ ಇಳಿಯಿತು: ಕರಾವಳಿಯ ಅಂಚು, ಅದರ ಪಡುವಣಕ್ಕೆ ದೊಡ್ಡ ಬಿಳಿ ಸುರುಳಿ. ಭಾವ ಮಾತೇ ಆಡಲಿಲ್ಲ.

ಕಣ್ಣು, ಅಂದರೆ ಸುರುಳಿಯ ನಡುವಿನ ಮೋಡವಿಲ್ಲದ ತೂತು, ಮೂಡುವ ಮೊದಲು ಚಂಡಮಾರುತದ ಕೇಂದ್ರ ಗುರುತಿಸುವುದೇ ಕಷ್ಟ. 14ರಂದು ಬಿಳಿ ಮುದ್ದೆಯ ನಟ್ಟನಡುವೆ ಚುಕ್ಕೆ ಇಟ್ಟು ನೂರು ಕಿಲೋಮೀಟರ್ ತಪ್ಪಿದ್ದೆ. ಆಮೇಲೆ ಬೇರೆ ದಾರಿ ಕಂಡುಕೊಂಡೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಇಷ್ಟು ಹೇಳಬಲ್ಲೆ: ಕಂಪ್ಯೂಟರ್ ಗಡಿಯಾರ ಎರಡು ಸೆಕೆಂಡ್ ತಪ್ಪಿದರೆ ಅದು ಚಿತ್ರದ ಮೇಲೆ ಬರೆಯುವ ಮ್ಯಾಪ್ ಹದಿಮೂರು ಕಿಲೋಮೀಟರ್ ಜಾರುತ್ತದೆ. ನಾನು ಮ್ಯಾಪನ್ನು ಚಿತ್ರದಲ್ಲಿ ಕಂಡ ಸೌರಾಷ್ಟ್ರದ ಅಂಚಿಗೆ ಹೊಂದಿಸಿಕೊಂಡೆ. 16ರ ನನ್ನ ಚುಕ್ಕೆಗೂ ಹವಾಮಾನ ಇಲಾಖೆಯ ಬುಲೆಟಿನ್‌ಗೂ ಇದ್ದ ಅಂತರ ನಲವತ್ತು ಕಿಲೋಮೀಟರ್ ಇರಬಹುದು. ಪರದೆ ಸರಳಿಗೆ ಅದು ಕಡಿಮೆಯೇನಲ್ಲ.

ನಡುವೆ ಫೋನಿನ ಬ್ಯಾರೋಮೀಟರ್ ನೋಡಿ ಗಾಳಿಯ ಒತ್ತಡ ಬರೆದಿಡಲು ಹೋಗಿ ನಗೆಪಾಟಲಾದೆ. ಸಂಜೆ ನಾಲ್ಕಕ್ಕೆ ಅದು ಇಳಿದದ್ದೇ ಮನೆಯವರನ್ನೆಲ್ಲ ಹೆದರಿಸಿದೆ. ನಮ್ಮ ಕಡೆ ಒತ್ತಡ ದಿನಾ ಹತ್ತರ ಹೊತ್ತಿಗೆ ಏರಿ ನಾಲ್ಕರ ಹೊತ್ತಿಗೆ ಇಳಿಯುತ್ತದೆ, ರಾತ್ರಿಯೂ ಹಾಗೇ. ಅದನ್ನು ಕಳೆದ ಮೇಲೆ ಉಳಿದದ್ದು ಮಾತ್ರ ಚಂಡಮಾರುತದ ಪಾಲು.

17ರಂದು ತೌಕ್ತೆ ಕಣ್ಣು ಬಿಟ್ಟಿತು, ರಾತ್ರಿ ದೀವ್ ಹತ್ತಿರ ದಡ ಹತ್ತಿತು. ಅಷ್ಟರಲ್ಲಿ ನಮ್ಮಲ್ಲಿ ಕರೆಂಟ್ ಬಂದಿತ್ತು, ಚಿತ್ರದಲ್ಲಿ ಮತ್ತೆ ಅಡ್ಡಗೆರೆ. ಆಮೇಲೆ, 2025ರಲ್ಲಿ ನೋಆ 19 ನಿಲ್ಲುವವರೆಗೂ, ಉಪಗ್ರಹ ಬರುವ ಮೊದಲು ಮೇನ್ ಸ್ವಿಚ್ ಇಳಿಸುತ್ತಿದ್ದೆ. ಪಕ್ಕದ ಮನೆಯವರನ್ನು ಒಪ್ಪಿಸುವ ಕೆಲಸ ಭಾವನದ್ದಾಗಿತ್ತು.