ಬಯಾಲಜಿ ಜೊತೆ ಬಿಸಿನೆಸ್: ಅರ್ಜಿ ಹಾಕುವ ಮೊದಲು ಇದನ್ನು ಓದಿ

ಬಿಎಸ್ಸಿ ಮುಗಿಸಿದ ಶಿರಸಿ, ಕುಮಟಾ, ಕಾರವಾರ ಕಡೆಯ ಹುಡುಗ ಹುಡುಗಿಯರು ವಿಜ್ಞಾನ, ವ್ಯಾಪಾರ ಎರಡನ್ನೂ ಕಲಿಸುವ ಕೋರ್ಸುಗಳಿಗೆ ಬರೆದು, ತಿದ್ದಿಕೊಡಿ ಎಂದು ನನಗೆ ಕಳಿಸುವ ಅರ್ಜಿಗಳಲ್ಲಿ ಬಹುಪಾಲು ಒಂದೇ ತರ ಇರುತ್ತವೆ. ಹೆಸರು ಬದಲಿಸಿದರೆ ಯಾರದ್ದು ಯಾರಿಗೆ ಬೇಕಾದರೂ ಆಗುತ್ತದೆ. ಒಳ್ಳೆ ಮಾರ್ಕ್ಸ್ ಇದ್ದವರೇ ಹೀಗೆ ಬರೆದು ಸೀಟು ಕಳೆದುಕೊಳ್ಳುವುದನ್ನು ನೋಡಿ ಸಾಕಾಗಿದೆ. ಅದಕ್ಕೇ ಈ ಬರಹ.

ಇದು ಯಾರಿಗೆ? ಲ್ಯಾಬಿನಲ್ಲೇ ಜೀವಮಾನ ಕಳೆಯುವ ಮನಸ್ಸಿಲ್ಲ, ಹಾಗಂತ ಕಲಿತ ಬಯಾಲಜಿಯನ್ನು ಪೂರ್ತಿ ಬಿಟ್ಟು ಸೋಪು ಶಾಂಪೂ ಮಾರುವುದನ್ನು ಕಲಿಯಲಿಕ್ಕೂ ಇಷ್ಟವಿಲ್ಲ ಅನ್ನುವವರಿಗೆ. ಪೇಟೆಂಟ್, ಕ್ಲಿನಿಕಲ್ ಟ್ರಯಲ್, ಔಷಧಿಗೆ ಸರ್ಕಾರದ ಒಪ್ಪಿಗೆ ಪಡೆಯುವುದು, ಬೆಲೆ ಕಟ್ಟುವುದು, ಹೂಡಿಕೆದಾರರನ್ನು ಒಪ್ಪಿಸುವುದು, ಇವೆಲ್ಲ ವಿಜ್ಞಾನ ಗೊತ್ತಿದ್ದವರು ಮಾಡಬೇಕಾದ ವ್ಯಾಪಾರದ ಕೆಲಸಗಳು. ಕಿರಣ್ ಮಜುಂದಾರ್ ಷಾ 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಶುರುಮಾಡಿದಾಗ ಮೊದಲು ತಯಾರಿಸಿ ಮಾರಿದ್ದು ಪಪ್ಪಾಯಿ ಹಾಲಿನಿಂದ ತೆಗೆಯುವ ಪಪೈನ್ ಮತ್ತು ಮೀನಿನ ಗಾಳಿಚೀಲದಿಂದ ಮಾಡುವ ಐಸಿಂಗ್ಲಾಸ್. ಬಿಯರ್ ತಿಳಿಯಾಗಲು ಐಸಿಂಗ್ಲಾಸ್ ಹಾಕುತ್ತಾರೆ. ಎರಡರ ಕಚ್ಚಾಮಾಲೂ ನಮ್ಮ ಕರಾವಳಿಯವರಿಗೆ ಹೊಸದಲ್ಲ, ಅಲ್ವಾ? ಹೊಸದು ಏನೆಂದರೆ ಅದನ್ನು ಯಾರು, ಯಾಕೆ, ಎಷ್ಟಕ್ಕೆ ಕೊಳ್ಳುತ್ತಾರೆ ಅನ್ನುವ ತಿಳಿವಳಿಕೆ. ಈ ಕೋರ್ಸುಗಳು ಕಲಿಸುವುದು ಅದನ್ನೇ.

ಒಂದು: ಕೋರ್ಸ್ ಆರಿಸಿ

ಕ್ಯಾಲಿಫೋರ್ನಿಯಾದ ಕೆಕ್ ಗ್ರಾಜುಯೇಟ್ ಇನ್‌ಸ್ಟಿಟ್ಯೂಟ್ 1997ರಲ್ಲಿ ಹುಟ್ಟಿದ್ದೇ ಇಂಥ ಓದಿಗಾಗಿ. ಅಲ್ಲಿ ಕಂಪನಿಗಳು ತಮ್ಮ ನಿಜವಾದ ಸಮಸ್ಯೆಯನ್ನೇ ವಿದ್ಯಾರ್ಥಿಗಳ ತಂಡಕ್ಕೆ ಕೊಡುತ್ತವೆ. ಕೇಂಬ್ರಿಡ್ಜಿನಲ್ಲಿ ಬಯೋಸೈನ್ಸ್ ಎಂಟರ್‌ಪ್ರೈಸ್ ಎಂಬ ಎಂಫಿಲ್ ಇದೆ. ನಮ್ಮಲ್ಲೇ ಓದುವುದಾದರೆ ಎಂಎಸ್ಸಿ ಅಥವಾ ಬಿಫಾರ್ಮ್ ಆದವರಿಗೆ ಮೊಹಾಲಿಯ ಔಷಧ ಶಿಕ್ಷಣ ಸಂಸ್ಥೆ ನೈಪರ್‌ನಲ್ಲಿ ಫಾರ್ಮಾ ಎಂಬಿಎ, ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯಲ್ಲಿ ಕೃಷಿ ವ್ಯವಹಾರದ ಎರಡು ವರ್ಷದ ಡಿಪ್ಲೊಮಾ, ಐಐಎಂ ಅಹಮದಾಬಾದಿನಲ್ಲಿ ಆಹಾರ ಮತ್ತು ಕೃಷಿ ವ್ಯವಹಾರದ ಎಂಬಿಎ ಇವೆ. ಶಿರಸಿಯ ಅರಣ್ಯ ಕಾಲೇಜಿನಲ್ಲಿ ಓದಿದವರಿಗೆ ಈ ಕೊನೆಯ ಎರಡು ಚೆನ್ನಾಗಿ ಹೊಂದುತ್ತವೆ. ಆ ಎರಡಕ್ಕೆ ಕ್ಯಾಟ್ ಪ್ರವೇಶ ಪರೀಕ್ಷೆ ಬರೆಯಬೇಕು, ಬೇರೆ ದಾರಿ ಹುಡುಕಬೇಡಿ.

ಆರು ವಾರದ ಆನ್‌ಲೈನ್ 'ಬಯೋ ಬಿಸಿನೆಸ್' ಸರ್ಟಿಫಿಕೇಟುಗಳಿಗೆ ದುಡ್ಡು ಹಾಕಬೇಡಿ. ಅದನ್ನು ನೋಡಿ ಯಾರೂ ಕೆಲಸ ಕೊಡುವುದಿಲ್ಲ.

ನನ್ನ ಮಾತು ಕೇಳುವುದಾದರೆ ಡಿಗ್ರಿ ಮುಗಿದ ತಕ್ಷಣ ಹೋಗಲೇಬೇಡಿ. ಒಂದು ವರ್ಷ ಎಲ್ಲಾದರೂ ದುಡಿಯಿರಿ. ಸೊಸೈಟಿಯ ಖರೀದಿ ವಿಭಾಗ ಆಗಬಹುದು, ಮೀನು ಸಂಸ್ಕರಣೆ ಘಟಕ ಆಗಬಹುದು, ಮೆಡಿಕಲ್ ರೆಪ್ ಆದರೂ ಆದೀತು. ಮುಂದಿನ ಹಂತಗಳಲ್ಲಿ ಇದು ಬೇಕಾಗುತ್ತದೆ.

ಎರಡು: ನಿಮ್ಮ ಡಿಗ್ರಿ ನಡೆಯುತ್ತದಾ ನೋಡಿ

ಮೂರು ವರ್ಷದ ಬಿಎಸ್ಸಿಗೆ ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ತಕರಾರಿಲ್ಲ. ಅಮೆರಿಕದ ಕೆಲವು ಕಡೆ ನಾಲ್ಕು ವರ್ಷ ಕೇಳುತ್ತಾರೆ. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಡಿಗ್ರಿಯನ್ನು 2024ರಲ್ಲಿ ಮತ್ತೆ ಮೂರಕ್ಕೆ ಇಳಿಸಿದ್ದು ನೆನಪಿದೆಯಲ್ಲ, ಹಾಗಾಗಿ ನಿಮ್ಮ ಬ್ಯಾಚ್ ಯಾವುದು ಅಂತ ನೋಡಿಕೊಂಡು ನೀವು ಅರ್ಜಿ ಹಾಕುವ ಕಾಲೇಜಿಗೇ ಇಮೇಲ್ ಮಾಡಿ ಕೇಳಿ. ಏಜೆಂಟರನ್ನು ಕೇಳಬೇಡಿ.

ಮೂರು: ಎಸ್‌ಒಪಿ ಬರೆಯುವುದು

ಎಲ್ಲರೂ ಎಡವುವುದು ಇಲ್ಲೇ. ಎಸ್‌ಒಪಿ ಅಂದರೆ ನಾನು ಯಾಕೆ ಈ ಕೋರ್ಸ್ ಓದಬೇಕು ಅಂತ ಒಂದೆರಡು ಪುಟದಲ್ಲಿ ಹೇಳುವ ಪತ್ರ. 'ಚಿಕ್ಕಂದಿನಿಂದಲೂ ನನಗೆ ಪ್ರಕೃತಿಯ ಬಗ್ಗೆ ಅಪಾರ ಕುತೂಹಲ' ಎಂದು ಶುರುವಾದರೆ ಓದುವವರು ಅಲ್ಲೇ ಆಕಳಿಸುತ್ತಾರೆ. ಅರ್ಧ ಪುಟ ಪಿಸಿಆರ್, ಎಲೈಸಾ ಮಾಡಿದ ವಿವರ, ಉಳಿದರ್ಧ ಪುಟ 'ನಾಯಕತ್ವ ಗುಣ' ಅಂತ ಬರೆದರೂ ಅಷ್ಟೇ. ವಿಜ್ಞಾನ ಒಂದು ಕಡೆ, ವ್ಯಾಪಾರ ಇನ್ನೊಂದು ಕಡೆ, ನಡುವೆ ಸಂಬಂಧವೇ ಇಲ್ಲ. ಈ ಕೋರ್ಸಿಗೆ ಬೇಕಾಗಿದ್ದು ಆ ಸಂಬಂಧವೇ.

ಹೀಗೆ ಮಾಡಿ. ನಿಮ್ಮ ಊರಿನ ಒಂದೇ ಒಂದು ವಸ್ತು ಹಿಡಿದುಕೊಳ್ಳಿ. ನಮ್ಮ ಕಾಡಿನ ಹುಳಿ ಹಣ್ಣು ಉಪ್ಪಾಗೆ ತೆಗೆದುಕೊಳ್ಳೋಣ. ಅದು ಹಣ್ಣಾಗುವುದು ಸುರಿಯುವ ಮಳೆಗಾಲದಲ್ಲಿ. ಬಿಸಿಲಿಲ್ಲ, ಆದ್ದರಿಂದ ಸಿಪ್ಪೆಯನ್ನು ಅಟ್ಟದ ಮೇಲೆ ಹರವಿ ಕೆಳಗೆ ಬೆಂಕಿ ಹಾಕಿ ಒಣಗಿಸುತ್ತಾರೆ. ಸಿಪ್ಪೆ ಕಪ್ಪಾಗಿ, ಚರ್ಮದ ಹಾಗೆ ಬಾಗುತ್ತದೆ, ಹೊಗೆ ವಾಸನೆ ಕೈಗೆಲ್ಲ ಅಂಟುತ್ತದೆ. ಸರಿಯಾಗಿ ಒಣಗದಿದ್ದರೆ ಬೂಸ್ಟು ಹಿಡಿಯುತ್ತದೆ. ಒಣಗಿಸಲು ರಾಶಿ ಕಟ್ಟಿಗೆ ಬೇಕು. ಬೀಜದಿಂದ ಉಪ್ಪಾಗೆ ತುಪ್ಪ ಬೇರೆ.

ಈಗ ಪ್ರಶ್ನೆ ಹಾಕುತ್ತಾ ಹೋಗಿ. ಇದರಲ್ಲಿ ಏನಿದೆ? ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಯಾರಿಗೆ ಬೇಕು? ಕೇರಳದವರಿಗೆ ಮೀನಿನ ಸಾರು ಮಾಡಲು, ವಿದೇಶದ ಕಂಪನಿಗಳಿಗೆ ತೂಕ ಇಳಿಸುವ ಮಾತ್ರೆಗೆ. ಅಡುಗೆಗೆ ಕೊಳ್ಳುವವರಿಗೆ ಹೊಗೆ ವಾಸನೆ ಅಡ್ಡಿಯಿಲ್ಲ, ಸಾರ ತೆಗೆಯುವ ಕಾರ್ಖಾನೆಗೆ ಆಮ್ಲದ ಪ್ರಮಾಣ ಮುಖ್ಯ. ಅಂದರೆ ಒಣಗಿಸುವ ವಿಧಾನ ಬದಲಿಸಿದರೆ ಗಿರಾಕಿಯೂ ಬದಲಾಗಬಹುದು. ಮಾತ್ರೆ ಕೆಲಸ ಮಾಡುತ್ತದಾ? 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಬಂದ ಪ್ರಯೋಗದಲ್ಲಿ 135 ಜನರನ್ನು 12 ವಾರ ಗಮನಿಸಿದರು. ಈ ಆಮ್ಲದ ಮಾತ್ರೆ ತಿಂದವರಿಗೂ ಸುಮ್ನೆ ಡಮ್ಮಿ ಮಾತ್ರೆ ತಿಂದವರಿಗೂ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೂ ಮಾತ್ರೆ ಮಾರಾಟ ನಿಲ್ಲಲಿಲ್ಲ. ಹಾಗಾದರೆ ಜಾಹೀರಾತಿನ ಮೇಲೆ ನಿಂತ ಬೇಡಿಕೆಯನ್ನು ನಂಬಿ ಶಿರಸಿಯಲ್ಲಿ ಡ್ರೈಯರ್ ಘಟಕ ಹಾಕಬಹುದಾ, ಅಡುಗೆ ಮಾರುಕಟ್ಟೆಯೇ ಗಟ್ಟಿಯಾ? ಕಾಡಿನಿಂದ ಬಂದ ಮಾಲಿಗೆ 2002ರ ಜೀವವೈವಿಧ್ಯ ಕಾಯ್ದೆ ಏನು ಹೇಳುತ್ತದೆ? ಇಲ್ಲಿಗೆ ಬಂದು ನಿಂತು, 'ಇದಕ್ಕೆ ಉತ್ತರ ಹುಡುಕಲು ನನಗೆ ಇಂತಿಂಥ ವಿಷಯ ಗೊತ್ತಿಲ್ಲ, ನಿಮ್ಮ ಕೋರ್ಸಿನ ಈ ಪೇಪರಿನಲ್ಲಿ ಅದು ಇದೆ' ಅಂತ ಬರೆಯಿರಿ. ಮುಗಿಯಿತು. ಅದೇ ಎಸ್‌ಒಪಿ.

ಎಲ್ಲರೂ ಉಪ್ಪಾಗೆ ಬರೆಯಬೇಡಿ ಮತ್ತೆ! ಕಾರವಾರದವರಿಗೆ ಪಂಜರದ ಮೀನು ಸಾಕಣೆ ಇದೆ, ಅಘನಾಶಿನಿ ದಂಡೆಯವರಿಗೆ ಚಿಪ್ಪುಮೀನು ಇದೆ, ಅಂಕೋಲೆಯವರಿಗೆ ಕರಿ ಇಶಾಡ ಮಾವು ಇದೆ. ಇಶಾಡಕ್ಕೆ ಜಿಐ ಮಾನ್ಯತೆ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ, ಸಿಕ್ಕಿದೆ, ಆದರೆ ಸಿಪ್ಪೆ ತೆಳು, ಹಣ್ಣು ಬೇಗ ಹಾಳಾಗುತ್ತದೆ. ಇಷ್ಟರಲ್ಲೇ ಒಂದು ಎಸ್‌ಒಪಿ ಅಡಗಿದೆ. ಗೂಗಲ್ ನೋಡಿ ಬರೆಯಬೇಡಿ. ಮಂಡಿಗೆ ಹೋಗಿ, ಮಾಲು ಕೊಳ್ಳುವವರ ಹತ್ತಿರ ಅರ್ಧ ಗಂಟೆ ಕೂತು ದರ ಹೇಗೆ ನಿಗದಿ ಮಾಡುತ್ತಾರೆ ಅಂತ ಕೇಳಿ. ಮೊದಲು ಕನ್ನಡದಲ್ಲಿ ಬರೆಯಿರಿ. ಕನ್ನಡದಲ್ಲಿ ಪೊಳ್ಳು ಮಾತು ಬರೆದರೆ ನಿಮಗೇ ನಗು ಬರುತ್ತದೆ, ಇಂಗ್ಲಿಷಿನಲ್ಲಿ ಅದು ಭಾರಿ ಚೆನ್ನಾಗಿದೆ ಅನಿಸಿಬಿಡುತ್ತದೆ.

ದುಡ್ಡು ತೆಗೆದುಕೊಂಡು ಎಸ್‌ಒಪಿ ಬರೆದುಕೊಡುವ ಕನ್ಸಲ್ಟೆನ್ಸಿಗಳಿವೆ. ಬೇಡ. ಚಾಟ್ ಮಾಡುವ ಎಐ ಹತ್ತಿರ ಬರೆಸಿದ್ದೂ ಬೇಡ, ವ್ಯಾಕರಣ ತಿದ್ದಲು ಬಳಸಿಕೊಳ್ಳಿ ಸಾಕು. ಇಂಟರ್‌ವ್ಯೂನಲ್ಲಿ 'ಉಪ್ಪಾಗೆ ಒಣಗಲು ಎಷ್ಟು ದಿನ ಬೇಕು' ಅಂತ ಕೇಳಿದರೆ ಬಾಯಿಬಿಡಬೇಕಾಗುವುದು ನೀವು.

ನಾಲ್ಕು: ಶಿಫಾರಸು ಪತ್ರ, ಪರೀಕ್ಷೆ, ಅಂಕಪಟ್ಟಿ

ಒಂದು ಪತ್ರ ಪಾಠ ಮಾಡಿದ ಸರ್ ಅಥವಾ ಮೇಡಂ ಕಡೆಯಿಂದ, ಇನ್ನೊಂದು ಕೆಲಸ ಮಾಡಿದ ಜಾಗದಿಂದ. 'ನೀನೇ ಬರೆದು ತಾ, ಸಹಿ ಹಾಕ್ತೇನೆ' ಅಂತ ಸರ್ ಹೇಳಿದರೆ ನಿಮ್ಮ ಎಸ್‌ಒಪಿ ಅವರಿಗೆ ಓದಲು ಕೊಟ್ಟು ಬನ್ನಿ, ನಾಲ್ಕು ಸಾಲು ಅವರೇ ಬರೆಯುತ್ತಾರೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಒಮ್ಮೆ ಬರೆದರೆ ಸಾಕು. ಧಾರವಾಡದ ವಿಶ್ವವಿದ್ಯಾಲಯ ಕೊಡುವ ಅಂಕಪಟ್ಟಿಗಳ ದೃಢೀಕೃತ ಪ್ರತಿ, ಅಂದರೆ ಟ್ರಾನ್ಸ್‌ಕ್ರಿಪ್ಟಿಗೆ ಎಲ್ಲಕ್ಕಿಂತ ಮೊದಲೇ ಅರ್ಜಿ ಹಾಕಿ.

ಐದು: ದುಡ್ಡು

ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಅಡಮಾನ ಬೇಡ. ವಿದೇಶಕ್ಕೆ ಅದು ಎಲ್ಲಿಗೂ ಸಾಲುವುದಿಲ್ಲ. ಜಾಸ್ತಿ ಬೇಕಾದರೆ ಬ್ಯಾಂಕಿನವರು ಆಸ್ತಿ ಕೇಳುತ್ತಾರೆ. ನಮ್ಮ ಕಡೆಯವರ ಲೆಕ್ಕ ತಪ್ಪುವುದು ಇಲ್ಲೇ. 'ತೋಟ ಇದೆ, ಬೆಟ್ಟ ಇದೆ' ಅಂದುಕೊಂಡು ಹೋಗುತ್ತಾರೆ. ಸೊಪ್ಪಿನ ಬೆಟ್ಟದ ಮೇಲೆ ನಿಮಗಿರುವುದು ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು ಅಷ್ಟೇ, ಒಡೆತನ ಇಲ್ಲ. ಅತಿಕ್ರಮಣದ ಜಾಗವಂತೂ ಲೆಕ್ಕಕ್ಕೇ ಇಲ್ಲ. ಮಾಲ್ಕಿ ತೋಟ ಇದ್ದರೂ ಅದು ಕೃಷಿ ಭೂಮಿ. ಸಾಲ ವಸೂಲಿಯ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ, ಹಾಗಾಗಿ ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ಪೇಟೆಯಲ್ಲಿ ಎನ್‌ಎ (ಕೃಷಿಯೇತರ) ಆದ ಸೈಟೋ ಮನೆಯೋ ಇದ್ದರೆ ಕೆಲಸ ಸುಲಭ. ಇದನ್ನೆಲ್ಲ ಸೀಟು ಸಿಕ್ಕಿದ ಮೇಲೆ ವಿಚಾರಿಸಿದರೆ ವೀಸಾಕ್ಕೆ ಹಣ ತೋರಿಸುವ ಹೊತ್ತಿಗೆ ತಾಪತ್ರಯ ಆಗುತ್ತದೆ. ಅರ್ಜಿ ಹಾಕುವ ಮೊದಲೇ ಪಹಣಿ ಹಿಡಿದುಕೊಂಡು ಬ್ಯಾಂಕಿಗೆ ಹೋಗಿ ಬನ್ನಿ, ಜೊತೆಗೆ ಅಪ್ಪನನ್ನೂ ಕರೆದುಕೊಂಡು ಹೋಗಿ. ಸಹಿ ಅವರದ್ದೂ ಬೇಕಾಗುತ್ತದೆ.