ಜೋನಿ ಬೆಲ್ಲದಿಂದ ಬಲೂನ್ ಉಬ್ಬಿಸಿ, ಜೀವಕೋಶದೊಳಗೆ ಇಣುಕಿ

ಆಲೆಮನೆ ಶುರುವಾದರೆ ಶಿರಸಿ ಕಡೆಯ ಮನೆಗಳಲ್ಲಿ ಜೋನಿ ಬೆಲ್ಲಕ್ಕೆ ಬರ ಇಲ್ಲ. ಎರಡು ಚಮಚ ಎತ್ತಿಟ್ಟುಕೊಳ್ಳಿ. ದೋಸೆಗಲ್ಲ, ಪ್ರಯೋಗಕ್ಕೆ.

ಅರ್ಧ ಲೀಟರಿನ ಬಾಟಲಿಗೆ ಒಂದು ಲೋಟ ಉಗುರುಬೆಚ್ಚನೆ ನೀರು ಹಾಕಿ. ಕುದಿವ ನೀರು ಬೇಡ, ಯೀಸ್ಟ್ ಸತ್ತೇ ಹೋಗುತ್ತದೆ. ಬೆಲ್ಲ ಕರಗಿಸಿ, ಒಂದು ಚಮಚ ಒಣ ಯೀಸ್ಟ್ ಸೇರಿಸಿ ಅಲ್ಲಾಡಿಸಿ. ಬಾಟಲಿಯ ಬಾಯಿಗೆ ಬಲೂನ್ ಸಿಕ್ಕಿಸಿ ಬೆಚ್ಚಗಿನ ಮೂಲೆಯಲ್ಲಿಡಿ. ಮುಚ್ಚಳ ಮಾತ್ರ ಬಿಗಿಯಬೇಡಿ, ಬಾಟಲಿ ಒಡೆಯಬಹುದು. ಸ್ವಲ್ಪ ಹೊತ್ತಿಗೆ ಬಲೂನ್ ತಲೆ ಎತ್ತುತ್ತದೆ. ಒಳಗೆ ತುಂಬಿದ್ದು ಯೀಸ್ಟ್ ಬೆಲ್ಲದ ಸಕ್ಕರೆ ತಿಂದು ಬಿಟ್ಟ ಕಾರ್ಬನ್ ಡೈಆಕ್ಸೈಡ್.

ಅದೇ ಬೆಲ್ಲವನ್ನು ನಾವು ತಿಂದರೆ? ಕರುಳಿನಲ್ಲಿ ಸಕ್ಕರೆ ಒಡೆದು ಗ್ಲೂಕೋಸ್ ರಕ್ತ ಸೇರುತ್ತದೆ, ಅಲ್ಲಿಂದ ಜೀವಕೋಶಕ್ಕೆ. ಅಲ್ಲಿ ಮೊದಲ ಕೆಲಸ ಕತ್ತರಿಸುವುದು. 6 ಕಾರ್ಬನ್‌ಗಳ ಗ್ಲೂಕೋಸ್ 3 ಕಾರ್ಬನ್‌ಗಳ ಎರಡು ಪೈರುವೇಟ್ ಆಗುತ್ತದೆ. ಲಾಭ 2 ಎಟಿಪಿ, ಅಂದರೆ ಶಕ್ತಿ ಹೊತ್ತ ಎರಡು ಅಣು. ಸ್ನಾಯು ಎಳೆಯುವುದಕ್ಕೂ ನರ ಮಿಡಿಯುವುದಕ್ಕೂ ಜೀವಕೋಶ ಬಳಸುವುದು ಈ ಎಟಿಪಿಯನ್ನೇ, ಸಕ್ಕರೆಯನ್ನು ನೇರವಾಗಿ ಅಲ್ಲ. 1929ರಲ್ಲಿ ಇದನ್ನು ಕಂಡುಹಿಡಿದವರಲ್ಲಿ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರು. ನಮ್ಮ ಮಕ್ಕಳಿಗೆ ಆ ಹೆಸರು ಗೊತ್ತಿರಲೇಬೇಕು.

ಬಾಟಲಿಯಲ್ಲಿ ಆಮ್ಲಜನಕ ಮುಗಿದ ಮೇಲೆ ಯೀಸ್ಟ್ ಆ 2 ಎಟಿಪಿಗೇ ನಿಲ್ಲುತ್ತದೆ, ಪೈರುವೇಟನ್ನು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಮಾಡಿ ಬಿಡುತ್ತದೆ. ನಮ್ಮಲ್ಲಿ ಪೈರುವೇಟ್ ಜೀವಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯಾ ಒಳಗೆ ಹೋಗುತ್ತದೆ. ಅಲ್ಲಿ ಅದರ ಕಾರ್ಬನ್‌ಗಳು ಒಂದೊಂದಾಗಿ ಕಳಚಿ ಕಾರ್ಬನ್ ಡೈಆಕ್ಸೈಡ್ ಆಗುತ್ತವೆ. ಇದರ ಬಹುಭಾಗ ನಡೆಯುವುದು 1937ರಲ್ಲಿ ವಿಜ್ಞಾನಿ ಹ್ಯಾನ್ಸ್ ಕ್ರೆಬ್ಸ್ ಬಿಡಿಸಿ ತೋರಿಸಿದ ರಾಸಾಯನಿಕ ಕ್ರಿಯೆಗಳ ಚಕ್ರದಲ್ಲಿ. ನಾವು ಎಳೆದ ಗಾಳಿಯ ಆಮ್ಲಜನಕ ಇಲ್ಲಿಯವರೆಗೂ ನೇರವಾಗಿ ಕೈ ಹಾಕಿಲ್ಲ, ಗಮನಿಸಿದಿರಾ? ಸಕ್ಕರೆಯಿಂದ ಕಿತ್ತ ಎಲೆಕ್ಟ್ರಾನ್‌ಗಳು ಮಾತ್ರ ಮುಂದಿನ ಕೆಲಸಕ್ಕೆ ಸಿದ್ಧವಾಗಿವೆ.

ಈಗ ನನಗೆ ತುಂಬಾ ಇಷ್ಟವಾದ ಹಂತ. ಕುಮಟಾ ಕಡೆ ಅಘನಾಶಿನಿ ದಡದ ಗಜನಿ ಗದ್ದೆ ನೋಡಿದ್ದೀರಲ್ವಾ? ಉಬ್ಬರ ಬಂದಾಗ ಕಟ್ಟೆಯ ಆಚೆ ನೀರು ಏರಿ ನಿಲ್ಲುತ್ತದೆ, ಜಂತ್ರಡಿ ಎಂಬ ತೂಬಿನ ಹಲಗೆ ಎತ್ತಿದರೆ ಸಾಕು, ರಭಸವಾಗಿ ಒಳಗೆ ನುಗ್ಗುತ್ತದೆ. ಮೈಟೋಕಾಂಡ್ರಿಯಾದ ಒಳಪೊರೆಯೇ ಆ ಕಟ್ಟೆ. ಎಲೆಕ್ಟ್ರಾನ್‌ಗಳು ಪೊರೆಯಲ್ಲಿರುವ ಪ್ರೋಟೀನ್‌ಗಳ ಕೈಯಿಂದ ಕೈಗೆ ಸಾಗುತ್ತಾ ಪ್ರೋಟಾನ್‌ಗಳನ್ನು ಪೊರೆಯ ಆಚೆ ತಳ್ಳುತ್ತವೆ. ಆಚೆ ಜಾಸ್ತಿಯಾದ ಪ್ರೋಟಾನ್‌ಗಳು ವಾಪಸ್ ಬರುವುದು ಎಟಿಪಿ ಸಿಂಥೇಸ್ ಎಂಬ ಬಾಗಿಲಿನಿಂದ. ಅವು ನುಗ್ಗುವಾಗ ಆ ಬಾಗಿಲು ನಿಜವಾಗಿಯೂ ಗಿರಗಿರ ತಿರುಗುತ್ತದೆ, ತಿರುಗುತ್ತಲೇ ಎಟಿಪಿ ಕಟ್ಟುತ್ತದೆ.

ಕೊನೆಯಲ್ಲಿ ಎಲೆಕ್ಟ್ರಾನ್‌ಗಳನ್ನು ಯಾರಾದರೂ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಸಾಲು ನಿಂತುಬಿಡುತ್ತದೆ. ಅದಕ್ಕೇ ಆಮ್ಲಜನಕ. ಎಲೆಕ್ಟ್ರಾನ್ ಪಡೆದು, ಪ್ರೋಟಾನ್ ಸೇರಿಸಿಕೊಂಡು ನೀರಾಗುತ್ತದೆ. ಎಳೆದ ಆಮ್ಲಜನಕವೇ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಬರುತ್ತದೆ ಅಂತ ನಾನೂ ಬಹಳ ವರ್ಷ ನಂಬಿದ್ದೆ. ಹಾಗಲ್ಲ, ಅದು ನೀರಾಗುತ್ತದೆ.

ಒಟ್ಟು ಲೆಕ್ಕ ಒಂದು ಗ್ಲೂಕೋಸಿಗೆ ಸುಮಾರು 30ರಿಂದ 32 ಎಟಿಪಿ. ಹಳೆಯ ಪುಸ್ತಕಗಳಲ್ಲಿ 36, 38 ಅಂತ ಇರುತ್ತದೆ, ಪರೀಕ್ಷೆಗೆ ಓದುವವರು ತಮ್ಮ ಪಠ್ಯದಲ್ಲಿ ಏನಿದೆ ನೋಡಿಕೊಳ್ಳಿ.

ಇನ್ನೊಂದು ಬಾಟಲಿ ಸಿಕ್ಕರೆ ಫ್ರಿಜ್ ನೀರಿನಲ್ಲಿ ಇದನ್ನೇ ಮಾಡಿ ಫ್ರಿಜ್ಜಿನಲ್ಲೇ ಇಡಿ. ಎರಡೂ ಬಲೂನನ್ನು ಒಂದು ಗಂಟೆ ಬಿಟ್ಟು ಪಕ್ಕಪಕ್ಕ ಹಿಡಿದು ನೋಡಿ.